ಕಿಡಿ ಕೊಟ್ಟ ಕೆಟರಿಂಗ್

ಮುಂಬಯಿಯ ಯಾವುದಾದರೊಂದು ಹಳೆಯ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಡೆಲ್ಕೊ ಎಂಬ ಮಾತು ಕಿವಿಗೆ ಬೀಳದೆ ಇರದು. ಹಳೆಯ ಫಿಯಟ್ ಕಾರಿನ ಬಾನೆಟ್ಟನ್ನು ಎತ್ತಿದಾಗ, ಎಂಜಿನ್ನಿನ ಮೈಗೆ ಅಂಟಿಕೊಂಡು ನಿಂತ ಒಂದು ಸಣ್ಣ ಭಾಗ ಕಾಣುತ್ತದೆ. ಅದರ ತಲೆಯ ಮೇಲೆ ಕಪ್ಪು ಟೋಪಿ, ಆ ಟೋಪಿಯಿಂದ ಹೊರಟ ಐದು ದಪ್ಪ ತಂತಿಗಳು. ಪುಸ್ತಕಗಳಲ್ಲಿ ಇದರ ಹೆಸರು ಡಿಸ್ಟ್ರಿಬ್ಯೂಟರ್, ಅಂದರೆ ಕಿಡಿಯನ್ನು ಹಂಚಿಕೊಡುವ ಸಾಧನ. ಆದರೆ ಮೆಕ್ಯಾನಿಕರ ಬಾಯಲ್ಲಿ ಅದು ಡೆಲ್ಕೊ. ವನಸ್ಪತಿಯೆಲ್ಲವೂ ಡಾಲ್ಡಾ ಆದಂತೆ, ಯಾವ ಕಂಪನಿಯವರು ತಯಾರಿಸಿದ್ದರೂ ಅದು ಡೆಲ್ಕೊವೇ. ಹಗಲು ಗ್ಯಾರೇಜಿನಲ್ಲಿ ದುಡಿದು ರಾತ್ರಿ ಪಾಠಕ್ಕೆ ಬರುತ್ತಿದ್ದ ಹುಡುಗರಿಂದಲೇ ನಾವೂ ಈ ಪದವನ್ನು ಮೊದಲು ಕೇಳಿದ್ದು. ಅದು ಮರಾಠಿಯೋ ಹಿಂದಿಯೋ ಎಂಬ ಚರ್ಚೆ ತರಗತಿಯಲ್ಲಿ ಒಮ್ಮೆ ನಡೆಯಿತು. ಅದು ಎರಡೂ ಅಲ್ಲ. ಅಮೇರಿಕಾದ ಡೇಟನ್ ಎಂಬ ಪಟ್ಟಣದಲ್ಲಿ ೧೯೦೯ರಲ್ಲಿ ಹುಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಎಂಬ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಡೆಲ್ಕೊ ಆಗುತ್ತದೆ. ಆ ಕಂಪನಿಯ ಜೀವಾಳವಾಗಿದ್ದವನು ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್. ತನ್ನ ಊರಿನ ಹೆಸರು ನಮ್ಮ ಕುರ್ಲಾ, ದಾದರಗಳ ಗ್ಯಾರೇಜುಗಳಲ್ಲಿ ದಿನಬಳಕೆಯ ಮಾತಾಗುವುದೆಂದು ಆತನು ಕನಸಿನಲ್ಲಿಯೂ ಎಣಿಸಿರಲಾರನು.

ಕೆಟರಿಂಗನು ೧೮೭೬ನೆಯ ಇಸವಿ ಆಗಸ್ಟ್ ೨೯ರಂದು ಓಹಾಯೊ ಸಂಸ್ಥಾನದ ಲೌಡನ್‌ವಿಲ್ ಎಂಬ ಊರಿನ ಬಳಿ ಒಂದು ಒಕ್ಕಲು ಮನೆತನದಲ್ಲಿ ಜನಿಸಿದನು. ಹೊಲಗೆಲಸ ಮಾಡುತ್ತಲೇ ಬೆಳೆದ ಈ ಹುಡುಗನಿಗೆ ಬುದ್ಧಿಯ ಕೊರತೆ ಇರಲಿಲ್ಲ, ಆದರೆ ಕಣ್ಣಿನ ದೃಷ್ಟಿ ಬಹಳ ಮಂದ. ದೀರ್ಘಕಾಲ ಪುಸ್ತಕ ಹಿಡಿದರೆ ತಲೆನೋವು ಬಂದು ಓದು ನಿಲ್ಲುತ್ತಿತ್ತು. ಹೈಸ್ಕೂಲು ಮುಗಿದ ಮೇಲೆ ಆತನು ಕೈಗೊಂಡ ಮೊದಲ ಉದ್ಯೋಗ ಉಪಾಧ್ಯಾಯ ವೃತ್ತಿ. ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಎಲ್ಲ ತರಗತಿಗಳ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದನು. ಶಾಖ, ವಿದ್ಯುತ್ತು, ಅಯಸ್ಕಾಂತಗಳ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದನು. ಇಂಥ ಶಾಲೆ ಹೇಗಿರುತ್ತದೆಂಬುದನ್ನು ನಾವು ಊರಿನಲ್ಲಿ ಕಂಡು ಬಲ್ಲೆವು. ಅಲ್ಲಿ ಮಾಸ್ತರನಾದವನು ಸಿಕ್ಕಿದ ವಸ್ತುವಿನಿಂದಲೇ ಪಾಠ ಮಾಡಲು ಕಲಿಯಬೇಕು. ಕೆಟರಿಂಗನ ಮುಂದಿನ ಬಾಳಿನಲ್ಲಿ ಈ ಅಭ್ಯಾಸವು ಬಹಳ ಕೆಲಸಕ್ಕೆ ಬಂದಿತು.

ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಆತನು ಕಣ್ಣಿನ ಬಾಧೆಯಿಂದಲೇ ಓದನ್ನು ಬಿಟ್ಟು ಹೊರಬರಬೇಕಾಯಿತು. ಪದವಿ ಇಲ್ಲದವನಿಗೆ ಏನು ಕೆಲಸ? ಟೆಲಿಫೋನ್ ಕಂಬಗಳಿಗೆ ಗುಂಡಿ ತೋಡುವ ತಂಡದಲ್ಲಿ ಕೂಲಿಯಾಗಿ ಸೇರಿದನು, ಬೇಗನೆ ಅದರ ಮೇಸ್ತ್ರಿಯಾದನು. ಬಯಲಿನ ದುಡಿಮೆಯಿಂದ ಮೈ ಗಟ್ಟಿಯಾಯಿತು, ಕಣ್ಣಿಗೂ ವಿಶ್ರಾಂತಿ ದೊರೆಯಿತು. ತಂತಿ ಎಳೆಯುವ ಕೆಲಸದ ನಡುವೆಯೇ ಆಲಿವ್ ವಿಲಿಯಮ್ಸ್ ಎಂಬ ಕನ್ಯೆಯ ಪರಿಚಯವಾಗಿ, ೧೯೦೫ರಲ್ಲಿ ಅವರ ವಿವಾಹವಾಯಿತು. ಅದಕ್ಕೆ ಮೊದಲೇ ಆತನು ಪುನಃ ಕಾಲೇಜಿಗೆ ಹೋಗಿದ್ದನು. ಕೋಣೆಯ ಗೆಳೆಯರು ಪಾಠಗಳನ್ನು ಗಟ್ಟಿಯಾಗಿ ಓದುವರು, ಕೆಟರಿಂಗನು ಕಣ್ಣು ಮುಚ್ಚಿ ಕೇಳುವನು. ಹೀಗೆ ಕಿವಿಯಿಂದ ಓದಿ, ೧೯೦೪ರಲ್ಲಿ, ತನ್ನ ೨೮ನೆಯ ವಯಸ್ಸಿನಲ್ಲಿ, ವಿದ್ಯುತ್ ಎಂಜಿನಿಯರನಾದನು. ಸಹಪಾಠಿಗಳಿಗಿಂತ ಐದಾರು ವರ್ಷ ದೊಡ್ಡವನಾಗಿದ್ದರೂ ಇದಕ್ಕಾಗಿ ಆತನು ನಾಚಿದಂತೆ ಕಾಣುವುದಿಲ್ಲ.

ಅಲ್ಲಿಂದ ಡೇಟನ್ನಿನ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ನೌಕರಿ. ಅಂಗಡಿಯ ಗಲ್ಲಾದ ಮೇಲೆ ಲೆಕ್ಕ ಒತ್ತುವ ಯಂತ್ರಗಳನ್ನು ಆ ಕಂಪನಿ ತಯಾರಿಸುತ್ತಿತ್ತು. ಆಗ ಅವುಗಳನ್ನು ಕೈಹಿಡಿಕೆಯಿಂದ ತಿರುಗಿಸಬೇಕಾಗಿತ್ತು. ವಿದ್ಯುತ್ ಮೋಟಾರನ್ನು ಜೋಡಿಸಬೇಕೆಂದರೆ ಗಲ್ಲಾದಷ್ಟೇ ದೊಡ್ಡ ಮೋಟಾರು ಬೇಕಾದೀತೆಂದು ಬಲ್ಲವರು ಹೇಳುತ್ತಿದ್ದರು. ಕೆಟರಿಂಗನು ಯೋಚಿಸಿದ್ದು ಬೇರೆ ಬಗೆ. ದಿನವಿಡೀ ತಿರುಗುವ ಮೋಟಾರಿಗೆ ಗಾತ್ರ ಬೇಕು, ನಿಜ. ಆದರೆ ಗಲ್ಲಾದ ಮೋಟಾರು ತಿರುಗಬೇಕಾದುದು ಒಂದೇ ಕ್ಷಣ. ಅಷ್ಟರಲ್ಲಿ ಅದು ಕಾದು ಸುಟ್ಟುಹೋಗುವುದಿಲ್ಲ. ಆದುದರಿಂದ ಸಣ್ಣ ಮೋಟಾರಿನಿಂದ ಕ್ಷಣಕಾಲ ಮಿತಿಮೀರಿದ ಕೆಲಸ ತೆಗೆಯಬಹುದು. ಈ ಚಿಕ್ಕ ತರ್ಕವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಇದೇ ತರ್ಕವು ಜಗತ್ತಿನ ಮೋಟಾರು ಗಾಡಿಗಳನ್ನೆಲ್ಲ ಬದಲಾಯಿಸಿತು.

ಅದೇ ಕಂಪನಿಯಲ್ಲಿ ಎಡ್ವರ್ಡ್ ಡೀಡ್ಸ್ ಎಂಬ ಹಿರಿಯ ಅಧಿಕಾರಿ ಇದ್ದನು. ಅವನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸಂಜೆ, ರಜಾದಿನಗಳಲ್ಲಿ ಕೆಲವು ಗೆಳೆಯರು ಕೂಡಿ ಕೆಲಸಮಾಡತೊಡಗಿದರು. ಹುಲ್ಲು ತುಂಬುವ ಅಟ್ಟವೇ ಪ್ರಯೋಗಶಾಲೆ. ಅವರು ಕೈಗೆತ್ತಿಕೊಂಡುದು ಕಿಡಿಯ ಸಮಸ್ಯೆ. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನೊಳಗೆ ಒತ್ತಿ, ಸರಿಯಾದ ಕ್ಷಣಕ್ಕೆ ಕಿಡಿ ಹಚ್ಚಿದರೆ ಎಂಜಿನ್ ತಿರುಗುತ್ತದೆ. ಆ ಕಾಲದ ಅನೇಕ ಗಾಡಿಗಳಲ್ಲಿ ಕಾಯಿಲುಗಳು ಝೇಂಕರಿಸುತ್ತ, ಒಂದರ ಹಿಂದೊಂದು ಕಿಡಿಗಳ ಮಳೆಯನ್ನೇ ಸುರಿಸುತ್ತಿದ್ದವು. ಕಿಡಿಗಳು ಬಹಳ, ಬಲ ಕಡಿಮೆ, ಬ್ಯಾಟರಿಯಂತೂ ಬೇಗ ಬರಿದು. ಕೆಟರಿಂಗನು ಒಂದೇ ಕಿಡಿ ಸಾಕು, ಆದರೆ ಅದು ಬಲವಾಗಿರಬೇಕು, ಕ್ಷಣ ತಪ್ಪದೆ ಬರಬೇಕು ಎಂಬ ದಾರಿ ಹಿಡಿದನು. ಕ್ಯಾಡಿಲ್ಯಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೀಲ್ಯಾಂಡನು ಇದನ್ನು ಮೆಚ್ಚಿ ೧೯೦೯ರಲ್ಲಿ ತನ್ನ ಗಾಡಿಗಳಿಗೆಂದು ಸಾವಿರಗಟ್ಟಲೆ ಜೊತೆಗಳಿಗೆ ಬೇಡಿಕೆ ಕೊಟ್ಟಾಗ ಕೊಟ್ಟಿಗೆಯ ಗೆಳೆಯರು ಡೆಲ್ಕೊ ಎಂಬ ಕಂಪನಿಯನ್ನು ಕಟ್ಟಬೇಕಾಯಿತು.

ಈ ಏರ್ಪಾಡನ್ನು ಇಂದಿಗೂ ಎಂಜಿನಿಯರಿಂಗ್ ಪುಸ್ತಕಗಳು ಕೆಟರಿಂಗ್ ಪದ್ಧತಿ ಎಂದೇ ಕರೆಯುತ್ತವೆ. ನಮ್ಮ ಪ್ರೀಮಿಯರ್ ಪದ್ಮಿನಿಯ ಬಾನೆಟ್ಟಿನ ಕೆಳಗೆ ಅದರ ಅಂಗಾಂಗಗಳನ್ನು ಒಂದೊಂದಾಗಿ ಗುರುತಿಸಬಹುದು. ನಾವು ಮೋಟಾರು ವಿದ್ಯೆಯಲ್ಲಿ ಪಂಡಿತರಲ್ಲವಾದರೂ ಗುರುತಿಸುವಷ್ಟು ಕಲಿತಿದ್ದೇವೆ. ಮೊದಲು ಬ್ಯಾಟರಿ, ೧೨ ವೋಲ್ಟಿನದು. ಅಲ್ಲಿಂದ ಹೊರಟ ತಂತಿ ಚಾವಿಯ ಮೂಲಕ ಒಂದು ಲೋಹದ ಡಬ್ಬಿಗೆ ಹೋಗುತ್ತದೆ. ನಡುತಲೆಯಿಂದ ಒಂದು ದಪ್ಪ ತಂತಿ, ಅಕ್ಕಪಕ್ಕ ಎರಡು ತೆಳು ತಂತಿಗಳಿದ್ದರೆ ಅದೇ ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ತಂತಿಯ ಎರಡು ಸುರುಳಿಗಳಿವೆ. ಒಂದರಲ್ಲಿ ಕೆಲವು ನೂರು ಸುತ್ತು, ಇನ್ನೊಂದರಲ್ಲಿ ಹಲವು ಸಾವಿರ ಸುತ್ತು. ಕಡಿಮೆ ಸುತ್ತಿನ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತಿರುವಾಗ ಕಬ್ಬಿಣವು ಅಯಸ್ಕಾಂತವಾಗಿರುತ್ತದೆ. ಆ ಹರಿವನ್ನು ಒಮ್ಮೆಲೇ ಕಡಿದರೆ ಅಯಸ್ಕಾಂತ ಕುಸಿಯುತ್ತದೆ, ಆ ಕುಸಿತವೇ ಹೆಚ್ಚು ಸುತ್ತಿನ ಸುರುಳಿಯಲ್ಲಿ ಹತ್ತು ಹದಿನೈದು ಸಾವಿರ ವೋಲ್ಟುಗಳ ಆಘಾತವನ್ನು ಹುಟ್ಟಿಸುತ್ತದೆ.

ಹರಿವನ್ನು ಕಡಿಯುವವರು ಯಾರು? ಡೆಲ್ಕೊದ ಕಪ್ಪು ಟೋಪಿಯನ್ನು ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ಗುಂಡಿಗಳು ಮುಖಕ್ಕೆ ಮುಖ ಕೊಟ್ಟು ಕುಳಿತಿರುತ್ತವೆ. ಗ್ಯಾರೇಜಿನ ಮಾತಿನಲ್ಲಿ ಇವೇ ಪಾಯಿಂಟುಗಳು. ನಡುವಿನ ದಂಡಕ್ಕೆ ನಾಲ್ಕು ಮೂಲೆಗಳಿದ್ದು, ದಂಡ ತಿರುಗಿದಂತೆಲ್ಲ ಪ್ರತಿ ಮೂಲೆಯೂ ಪಾಯಿಂಟನ್ನು ತಳ್ಳಿ ತೆರೆಯುತ್ತದೆ. ತೆರೆದಾಗಿನ ಸಂದು ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಈ ಸಂದನ್ನು ತೆಳ್ಳನೆಯ ಉಕ್ಕಿನ ಎಲೆಯಿಂದ ಅಳೆಯುತ್ತಾರೆ. ಪಕ್ಕದಲ್ಲಿರುವ, ಹೆಬ್ಬೆರಳ ತುದಿಯಷ್ಟು ದಪ್ಪದ ಉರುಟು ಡಬ್ಬಿಯೇ ಕಂಡೆನ್ಸರ್. ಅದಿಲ್ಲದಿದ್ದರೆ ಕಿಡಿಯು ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟುಗಳ ನಡುವೆಯೇ ಹಾರಿ ಅವನ್ನು ಸುಟ್ಟುಬಿಡುತ್ತದೆ. ಪಾಯಿಂಟು ಬೇಗ ಬೇಗ ಕಪ್ಪಾಗುತ್ತಿದ್ದರೆ ಅನುಭವಿ ಮೆಕ್ಯಾನಿಕನು ಮೊದಲು ಕಂಡೆನ್ಸರಿನ ಮೇಲೆ ಕಣ್ಣಿಡುವುದು ಇದಕ್ಕಾಗಿಯೇ. ಮೇಲೆ ತಿರುಗುವ ರೋಟರ್ ಎಂಬ ಬೆರಳು ಆಘಾತವನ್ನು ಪಡೆದು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಸರದಿ ೧, ೨, ೩, ೪ ಅಲ್ಲ. ಫಿಯಟ್ಟಿನಲ್ಲಿ ಅದು ೧, ೩, ೪, ೨. ತಂತಿಗಳನ್ನು ಅದಲುಬದಲು ಮಾಡಿದರೆ ಗಾಡಿ ಕೆಮ್ಮುತ್ತದೆಯೇ ಹೊರತು ಓಡುವುದಿಲ್ಲ.

ಗಣಿತವನ್ನು ಇಷ್ಟಪಡುವವರಿಗಾಗಿ ಒಂದು ಲೆಕ್ಕ. ಎಂಜಿನ್ನು ಎರಡು ಸುತ್ತು ತಿರುಗಿದಾಗ ನಾಲ್ಕೂ ಸಿಲಿಂಡರುಗಳಿಗೆ ಒಂದೊಂದು ಕಿಡಿ ಬೇಕು. ನಿಮಿಷಕ್ಕೆ ೩೦೦೦ ಸುತ್ತಿನ ವೇಗದಲ್ಲಿ ೬೦೦೦ ಕಿಡಿ, ಅಂದರೆ ಸೆಕೆಂಡಿಗೆ ೧೦೦. ನೀವು ಮಾಹಿಮಿನಿಂದ ಬಾಂದ್ರೆಗೆ ಕಾರಿನಲ್ಲಿ ಹೋಗುವಷ್ಟರಲ್ಲಿ ಆ ಪುಟ್ಟ ಪಾಯಿಂಟುಗಳು ಸಾವಿರಾರು ಸಲ ಬಾಯಿ ತೆರೆದು ಮುಚ್ಚಿರುತ್ತವೆ. ಆದ್ದರಿಂದಲೇ ಅವು ಸವೆಯುತ್ತವೆ, ಆದ್ದರಿಂದಲೇ ಗ್ಯಾರೇಜುಗಳಿಗೆ ಕೆಲಸವಿತ್ತು.

ಕೆಟರಿಂಗನ ಎರಡನೆಯ ಕೊಡುಗೆಗೆ ಹಿನ್ನೆಲೆಯಾಗಿ ಒಂದು ದುಃಖದ ಕಥೆಯನ್ನು ಹೇಳುತ್ತಾರೆ. ಆ ದಿನಗಳಲ್ಲಿ ಎಂಜಿನ್ ಹೊರಡಿಸಲು ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಬಲವಾಗಿ ತಿರುಗಿಸಬೇಕಾಗಿತ್ತು. ಎಂಜಿನ್ನು ಹಿಂದಕ್ಕೆ ಒದ್ದರೆ ಹ್ಯಾಂಡಲ್ ಮರಳಿ ಬಡಿದು ಮುಂಗೈ ಮುರಿಯುತ್ತಿತ್ತು. ಲೀಲ್ಯಾಂಡನ ಗೆಳೆಯ ಬೈರನ್ ಕಾರ್ಟರನು, ದಾರಿಯಲ್ಲಿ ನಿಂತುಹೋದ ಗಾಡಿಯೊಂದನ್ನು ಹೀಗೆ ಹೊರಡಿಸಲು ಹೋಗಿ ಏಟು ತಿಂದು, ಕೆಲವು ದಿನಗಳಲ್ಲಿ ತೀರಿಕೊಂಡನಂತೆ. ಲೀಲ್ಯಾಂಡನು ಮರುಗಿ ಕೆಟರಿಂಗನನ್ನು ಕೇಳಿದನು. ಎಂಜಿನ್ ತಿರುಗಿಸಲು ಬೇಕಾಗುವ ಮೋಟಾರು ಗಾಡಿಯಲ್ಲಿ ಹಿಡಿಸದಷ್ಟು ದೊಡ್ಡದೆಂದು ಇಲ್ಲಿಯೂ ಪಂಡಿತರ ಮತ. ಗಲ್ಲಾದ ತರ್ಕ ಕೆಟರಿಂಗನಿಗೆ ಇಲ್ಲಿಯೂ ಒದಗಿತು. ಕ್ಷಣಕಾಲದ ಕೆಲಸಕ್ಕೆ ಸಣ್ಣ ಮೋಟಾರು ಸಾಕು. ಎಂಜಿನ್ ಹೊರಟ ಮೇಲೆ ಅದೇ ಯಂತ್ರ ಬ್ಯಾಟರಿಯನ್ನು ತುಂಬುವ ಕೆಲಸ ಮಾಡಲಿ. ೧೯೧೨ರ ಮಾದರಿಯ ಕ್ಯಾಡಿಲ್ಯಾಕ್ ಗಾಡಿಗಳು ಸೆಲ್ಫ್ ಸ್ಟಾರ್ಟರಿನೊಡನೆ ಹೊರಬಂದವು. ತೋಳ್ಬಲವಿಲ್ಲದವರೂ, ಹೆಂಗಸರೂ, ಮುದುಕರೂ ಒಬ್ಬರ ನೆರವಿಲ್ಲದೆ ಗಾಡಿ ನಡೆಸುವಂತಾಯಿತು. ಟ್ಯಾಕ್ಸಿಯವನು ಇಂದು ಸೆಲ್ಫ್ ಹೊಡೆಯುವುದು ಎನ್ನುವಾಗ ಇದೇ ಕೆಟರಿಂಗನನ್ನು ಅರಿಯದೆಯೇ ಸ್ಮರಿಸುತ್ತಾನೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಲಭದ ಜೀವನ ಚರಿತ್ರೆ. ಶಾಲಾ ಪುಸ್ತಕಗಳಲ್ಲಿ ದೊಡ್ಡವರ ಚರಿತ್ರೆಗಳು ಹೀಗೆಯೇ ನಿಲ್ಲುತ್ತವೆ. ಆದರೆ ಆ ಕಿಡಿಯ ಬೆನ್ನಿಗೇ ಬಂದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವುದು ಮುಂಬಯಿಯ ಮಕ್ಕಳಿಗೆ ನ್ಯಾಯವಲ್ಲವೆಂದು ನಾವು ಬಗೆಯುತ್ತೇವೆ.

ತುಂಬಿದ ಗಾಡಿ ಖಂಡಾಲಾ ಘಾಟನ್ನು ಏರುವಾಗ ಎಂಜಿನ್ನಿನೊಳಗಿಂದ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಕಟಕಟ ಸದ್ದು ಬರುವುದುಂಟು. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಪೆಟ್ರೋಲಿನ ಮಿಶ್ರಣವು ಕಿಡಿಯಿಂದ ಹೊರಟ ಜ್ವಾಲೆಯೊಡನೆ ಕ್ರಮವಾಗಿ ಉರಿಯುವ ಬದಲು, ಜ್ವಾಲೆ ತಲಪುವ ಮೊದಲೇ ಒಂದು ಮೂಲೆಯಲ್ಲಿ ತಾನಾಗಿ ಸಿಡಿಯುವುದರಿಂದ ಈ ಸದ್ದು. ಇದರಿಂದ ಬಲ ಕುಂದುತ್ತದೆ, ಪಿಸ್ಟನ್ ಹಾಳಾಗುತ್ತದೆ. ಆ ಕಾಲದಲ್ಲಿ ಹಲವರು ಈ ದೋಷವನ್ನು ಕೆಟರಿಂಗನ ಹೊಸ ಕಿಡಿಯ ಮೇಲೆಯೇ ಹೊರಿಸಿದರು. ಹಳ್ಳಿಮನೆಗಳಿಗೆ ದೀಪ ಕೊಡಲೆಂದು ಡೆಲ್ಕೊ ಮಾರುತ್ತಿದ್ದ ಸಣ್ಣ ಎಂಜಿನ್ನುಗಳೂ ಸೀಮೆಎಣ್ಣೆಯಲ್ಲಿ ಹೀಗೆಯೇ ಬಡಿದುಕೊಳ್ಳುತ್ತಿದ್ದವು. ಕಿಡಿಯ ಮೇಲಿನ ಅಪವಾದವನ್ನು ತೊಳೆಯಬೇಕೆಂದು ಕೆಟರಿಂಗನು ೧೯೧೬ರಲ್ಲಿ ಥಾಮಸ್ ಮಿಜ್ಲಿ ಎಂಬ ತರುಣ ಎಂಜಿನಿಯರನನ್ನು ಈ ಕೆಲಸಕ್ಕೆ ಹಚ್ಚಿದನು. ದೋಷವು ಕಿಡಿಯದಲ್ಲ, ಇಂಧನದ್ದು ಎಂಬುದು ಸಿದ್ಧವಾಯಿತು. ಹಾಗಾದರೆ ಇಂಧನಕ್ಕೆ ಏನನ್ನು ಬೆರೆಸಿದರೆ ಅದು ಸುಮ್ಮನಾದೀತು?

ಅಯೋಡಿನ್ ಬೆರೆಸಿ ನೋಡಿದರು. ಬೆಲೆ ಹೆಚ್ಚು, ಲೋಹವನ್ನೂ ತಿನ್ನುತ್ತಿತ್ತು. ಟೆಲ್ಯೂರಿಯಂ ಬೆರೆಸಿದರು, ಅದರ ಬೆಳ್ಳುಳ್ಳಿಯಂಥ ನಾತವು ಮೈಗಂಟಿಕೊಂಡು ಬಿಡಲೊಲ್ಲದು. ಧಾನ್ಯದಿಂದ ತೆಗೆದ ಮದ್ಯಸಾರ ಬೆರೆಸಿದರೆ ಸದ್ದು ಅಡಗುತ್ತದೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಅದನ್ನು ಪ್ರತಿ ಗ್ಯಾಲನ್ನಿಗೆ ಬಹಳ ಬೆರೆಸಬೇಕು, ಯಾವ ರೈತನಾದರೂ ತಯಾರಿಸಬಲ್ಲನು, ಅದರಲ್ಲಿ ಯಾವ ಕಂಪನಿಗೂ ಏಕಸ್ವಾಮ್ಯ ಸಿಗದು. ೧೯೨೧ನೆಯ ಡಿಸೆಂಬರ್ ೯ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಪರೀಕ್ಷಿಸಿದಾಗ ಎಂಜಿನ್ನಿನ ಬಡಿತ ತಟ್ಟನೆ ನಿಂತಿತು. ಗ್ಯಾಲನ್ನಿಗೆ ಸುಮಾರು ೩ ಘನ ಸೆಂಟಿಮೀಟರ್ ಸಾಕು. ೧೯೨೩ರ ಫೆಬ್ರವರಿಯಲ್ಲಿ ಡೇಟನ್ನಿನಲ್ಲೇ ಅದರ ಮಾರಾಟ ಮೊದಲಾಯಿತು. ಈಥೈಲ್ ಎಂಬ ಅಂದದ ಹೆಸರನ್ನು ಇಟ್ಟರು. ಹೆಸರಿನಲ್ಲಿ ಸೀಸದ ಸುಳಿವಿಲ್ಲ. ೧೯೨೪ರಲ್ಲಿ ಇದಕ್ಕಾಗಿ ಹುಟ್ಟಿದ ಕಂಪನಿಗೆ ಕೆಟರಿಂಗನೇ ಅಧ್ಯಕ್ಷನಾದನು.

ಸೀಸವು ವಿಷವೆಂಬುದು ಹೊಸ ಸಂಗತಿಯಲ್ಲ. ರೋಮನರ ಕಾಲದಿಂದ ಜನ ಅದನ್ನು ಬಲ್ಲರು. ಮಿಜ್ಲಿಯೇ ೧೯೨೩ರಲ್ಲಿ ಸೀಸದ ಬಾಧೆಯಿಂದ ಕೆಲಸ ಬಿಟ್ಟು ವಿಶ್ರಾಂತಿಗೆ ಹೋಗಬೇಕಾಯಿತು. ಮರುವರ್ಷ ಡೇಟನ್ನಿನ ತಯಾರಿಕೆಯಲ್ಲಿ ಇಬ್ಬರು ಕೆಲಸಗಾರರು ಸತ್ತರು. ೧೯೨೪ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಕಾರ್ಖಾನೆಯೊಂದರಲ್ಲಿ ಐವರು ಬುದ್ಧಿಭ್ರಮಣೆಗೊಂಡು ಪ್ರಾಣಬಿಟ್ಟರು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಪತ್ರಿಕೆಗಳು ಗದ್ದಲವೆಬ್ಬಿಸಿದವು. ೧೯೨೫ನೆಯ ಮೇ ೨೦ರಂದು ವಾಷಿಂಗ್ಟನ್ನಿನಲ್ಲಿ ಸರಕಾರವು ಸಭೆ ಕರೆಯಿತು. ಕಾರ್ಖಾನೆಗಳ ರೋಗಗಳನ್ನು ಬಲ್ಲ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಂಬಾಕೆ ಸೀಸವನ್ನು ಬೀದಿಗೆ ಬಿಡಬಾರದೆಂದು ವಾದಿಸಿದಳು. ಕಾರ್ಖಾನೆಯೊಳಗಿನ ಕೆಲಸಗಾರನನ್ನು ಕಾಪಾಡಬಹುದು, ಬೀದಿಯಲ್ಲಿ ನಡೆಯುವವರನ್ನು ಕಾಪಾಡುವವರಾರು ಎಂಬುದು ಆ ಪಕ್ಷದ ಪ್ರಶ್ನೆ. ಕೆಟರಿಂಗನು ಇನ್ನೊಂದು ಪಕ್ಷದಲ್ಲಿದ್ದನು. ಸೀಸವಿಲ್ಲದೆ ಒಳ್ಳೆಯ ಎಂಜಿನ್ನುಗಳು ಸಾಧ್ಯವಿಲ್ಲವೆಂಬುದು ಅವರ ವಾದದ ತಿರುಳು. ತನ್ನ ಪ್ರಯೋಗಶಾಲೆಯಲ್ಲೇ ಮದ್ಯಸಾರವನ್ನು ಪರೀಕ್ಷಿಸಿ ನೋಡಿದ್ದವನು ಆ ಪಕ್ಷದಲ್ಲಿ ನಿಂತದ್ದನ್ನು ಸಮರ್ಥಿಸಲು ನಮಗೆ ಮನಸ್ಸು ಬಾರದು. ಒಂದು ಸಮಿತಿ ನೇಮಕವಾಯಿತು, ಕೆಲವು ತಿಂಗಳು ಪರೀಕ್ಷೆ ನಡೆಯಿತು, ೧೯೨೬ರಲ್ಲಿ ನಿಷೇಧಕ್ಕೆ ತಕ್ಕ ಆಧಾರವಿಲ್ಲವೆಂದು ವರದಿಯಾಯಿತು. ಬಳಕೆ ಹೆಚ್ಚಿದಂತೆ ಮುಂದೆಯೂ ಪರೀಕ್ಷಿಸುತ್ತಿರಬೇಕೆಂದು ಸಮಿತಿ ಹೇಳಿತ್ತು. ಆದರೆ ಮುಂದಿನ ಹಲವು ದಶಕ ಆ ಪರೀಕ್ಷೆಯನ್ನು ಹೆಚ್ಚಾಗಿ ನಡೆಸಿದ್ದು ಉದ್ಯಮದ ಹಣದಿಂದ ಸಿನ್ಸಿನಾಟಿಯಲ್ಲಿ ನಡೆದ ಪ್ರಯೋಗಶಾಲೆ. ಅದರ ಹೆಸರು ಕೆಟರಿಂಗ್ ಲ್ಯಾಬೊರೇಟರಿ.

ಆತನ ಉಳಿದ ಬಾಳನ್ನು ಬೇಗನೆ ಹೇಳಬಹುದು. ಡೆಲ್ಕೊ ಕಂಪನಿಯು ಜನರಲ್ ಮೋಟಾರ್ಸಿನಲ್ಲಿ ಲೀನವಾಗಿ, ೧೯೨೦ರಿಂದ ೧೯೪೭ರ ವರೆಗೆ ಅದರ ಸಂಶೋಧನ ವಿಭಾಗಕ್ಕೆ ಕೆಟರಿಂಗನೇ ಮುಖ್ಯಸ್ಥನಾಗಿದ್ದನು. ಬೇಗ ಒಣಗುವ ಬಣ್ಣ, ರೈಲುಗಳಿಗೆ ಹಗುರವಾದ ಡೀಸೆಲ್ ಎಂಜಿನ್, ತಂಪು ಪೆಟ್ಟಿಗೆಗಳಿಗೆ ಫ್ರಿಯಾನ್ ಎಂಬ ಅನಿಲ, ಇವೆಲ್ಲವೂ ಆ ವಿಭಾಗದ ಆಶ್ರಯದಲ್ಲಿ ರೂಪುಗೊಂಡವು. ಫ್ರಿಯಾನ್ ಕೂಡ ಮಿಜ್ಲಿಯ ಕೈಯದೇ. ಅದು ಆಕಾಶದ ಓಜೋನ್ ಪದರವನ್ನು ತಿನ್ನುತ್ತದೆಂಬುದು ತಿಳಿದದ್ದು ೧೯೭೦ರ ದಶಕದಲ್ಲಿ. ೧೯೪೫ರಲ್ಲಿ ಆಲ್‌ಫ್ರೆಡ್ ಸ್ಲೋನನೊಡನೆ ಸೇರಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರೋಗದ ಸಂಶೋಧನಾಲಯವನ್ನು ಸ್ಥಾಪಿಸಿದನು. ಮರುವರ್ಷ ಆತನ ಪತ್ನಿ ಆಲಿವ್ ಅದೇ ರೋಗದಿಂದ ಮೃತಳಾದಳು. ಕೆಟರಿಂಗನು ೧೯೫೮ನೆಯ ನವೆಂಬರ್ ೨೫ರಂದು ಡೇಟನ್ನಿನಲ್ಲಿ, ೮೨ ವರ್ಷ ತುಂಬಿದ ಮೇಲೆ, ತೀರಿಕೊಂಡನು. ೧೮೦ಕ್ಕಿಂತ ಹೆಚ್ಚು ಪೇಟೆಂಟುಗಳು ಆತನ ಹೆಸರಿನಲ್ಲಿದ್ದವು. ಗೌರವದಿಂದ ಬಾಳಿ ಗೌರವದಿಂದಲೇ ಹೋದನು. ಸೀಸದ ಲೆಕ್ಕ ಆತನ ಜೀವಿತಕಾಲದಲ್ಲಿ ಹೊರಬೀಳಲಿಲ್ಲ.

ಲೆಕ್ಕ ಹೊರಬಿದ್ದುದು ನಿಧಾನವಾಗಿ. ಭೂಮಿಯ ವಯಸ್ಸನ್ನು ಅಳೆಯುತ್ತಿದ್ದ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿಗೆ ಎಲ್ಲಿ ನೋಡಿದರೂ ಸೀಸದ ಧೂಳು ಅಡ್ಡ ಬರುತ್ತಿತ್ತು. ಇದು ಪ್ರಕೃತಿಯದಲ್ಲ, ಮನುಷ್ಯನು ಹರಡಿದ್ದು ಎಂದು ಅವನು ೧೯೬೫ರಲ್ಲಿ ಪ್ರಕಟಿಸಿದನು. ೧೯೭೯ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯನು ಶಾಲಾ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕೂಡಿಸಿ ಪರೀಕ್ಷಿಸಿದನು. ಯಾರ ಹಲ್ಲಿನಲ್ಲಿ ಸೀಸ ಹೆಚ್ಚಿತ್ತೋ ಅವರ ಬುದ್ಧಿಮತ್ತೆಯ ಅಂಕಗಳು ಕಡಿಮೆಯಾಗಿದ್ದವು, ತರಗತಿಯಲ್ಲಿ ಅವರ ಗಮನವೂ ನಿಲ್ಲುತ್ತಿರಲಿಲ್ಲ. ಮಗುವಿನ ಮೈ ಸೀಸವನ್ನು ಸುಣ್ಣದ ಅಂಶವೆಂದೇ ಭ್ರಮಿಸಿ ಎಲುಬಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಗಾಡಿಯ ಹೊಗೆ ಕೊಳವೆಯಾದರೋ ಸಣ್ಣ ಮಕ್ಕಳ ಮೂಗಿಗೆ ದೊಡ್ಡವರಿಗಿಂತ ಹತ್ತಿರ. ಪಾಠ ತಲೆಗೆ ಹತ್ತದ ಹುಡುಗನನ್ನು ದಡ್ಡನೆಂದು ಕರೆಯುವ ಮೊದಲು ನಾವು ಉಪಾಧ್ಯಾಯರು ಇದನ್ನೂ ನೆನೆಯಬೇಕೆಂದು ಈ ವೃತ್ತಾಂತ ಓದಿದಾಗ ನಮಗನ್ನಿಸಿತು.

ಮುಂಬಯಿಗೂ ಆ ಸೀಸ ಬಂದಿತು. ನಮ್ಮ ನಾಡಿನ ಹಿರಿಯರಾದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅಮೇರಿಕಾ ಯುರೋಪುಗಳನ್ನು ಸುತ್ತಿ, ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು ಮುಂಬಯಿಯಲ್ಲಿ ಯೋಜನೆ ಹಾಕಿದ್ದರು. ಸರಕಾರದ ಬೆಂಬಲವಿಲ್ಲದೆ ಅದು ಅವರ ಕೈಯಲ್ಲಿ ಕೂಡಿಬರಲಿಲ್ಲ. ಅದೇ ಹಂಬಲವನ್ನು ಮುಂದುವರಿಸಿದ ವಾಲ್ಚಂದ್ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನು ಸ್ಥಾಪಿಸಿದರು. ಕುರ್ಲಾದ ಆ ಕಾರ್ಖಾನೆಯಿಂದ ಫಿಯಟ್ ೧೧೦೦, ಮುಂದೆ ಪ್ರೀಮಿಯರ್ ಪದ್ಮಿನಿ ಹೊರಬಂದು ನಗರದ ಕಪ್ಪು ಹಳದಿ ಟ್ಯಾಕ್ಸಿಗಳಾದವು. ಸಯನ್, ದಾದರ್, ಪರೇಲುಗಳ ರಸ್ತೆಬದಿಯಲ್ಲಿ ಶಾಲೆಗೆ ನಡೆದ ಎರಡು ತಲೆಮಾರಿನ ಮಕ್ಕಳು ಅವುಗಳ ಸೀಸದ ಹೊಗೆಯನ್ನು ಉಸಿರಾಡಿದರು. ನಿಮ್ಮ ತಂದೆ ತಾಯಿಯರಲ್ಲಿ ಹಲವರು ಅವರಲ್ಲಿದ್ದಾರೆ.

ಹಳೆಯ ಎಂಜಿನ್ನಿನಲ್ಲಿ ಹೊಗೆಯನ್ನು ತಡೆಯುವ ಭಾಗ ಯಾವುದೆಂದು ಹುಡುಕಿದರೆ ಹೆಚ್ಚೇನೂ ಸಿಗದು. ಪಿಸ್ಟನ್ನಿನ ಸಂದಿನಿಂದ ಕೆಳಕ್ಕೆ ನುಸುಳುವ ಕೊಳೆಗಾಳಿಯನ್ನು ಹೊರಬಿಡಲು ಒಂದು ಉಸಿರುಗೊಳವೆ ಇರುತ್ತದೆ. ಬಹಳ ಹಳೆಯ ಗಾಡಿಗಳಲ್ಲಿ ಅದರ ತುದಿ ನೆಲದ ಕಡೆಗೆ ತೆರೆದುಕೊಂಡಿರುವುದು. ಆಮೇಲಿನವುಗಳಲ್ಲಿ ಅದು ಏರ್ ಫಿಲ್ಟರಿಗೆ ಸೇರಿರುತ್ತದೆ, ಕೊಳೆಗಾಳಿ ಮರಳಿ ಎಂಜಿನ್ನಿಗೇ ಹೋಗಿ ಉರಿಯುತ್ತದೆ. ಆ ದಾರಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ವಾಲ್ವ್ ಸಿಕ್ಕಿ, ಕುಲುಕಿದಾಗ ಒಳಗೆ ಟಕಟಕ ಸದ್ದಾದರೆ ಅದನ್ನು ಪಿಸಿವಿ ಎಂದು ತಿಳಿಯಬೇಕು. ಲಾಸ್ ಏಂಜಲೀಸಿನ ಮಂಜುಹೊಗೆಗೆ ಮೋಟಾರು ಗಾಡಿಗಳೇ ಕಾರಣವೆಂದು ಹಾಗೆನ್-ಸ್ಮಿಟ್ ಎಂಬ ರಸಾಯನ ಪಂಡಿತನು ತೋರಿಸಿಕೊಟ್ಟ ಮೇಲೆ, ೧೯೬೧ರ ಮಾದರಿಗಳಿಂದ ಕ್ಯಾಲಿಫೋರ್ನಿಯದ ಗಾಡಿಗಳಿಗೆ ಇದು ಬಂದಿತು. ಪೆಟ್ರೋಲಿನ ಆವಿ ಹೀರುವ ಇದ್ದಲಿನ ಡಬ್ಬಿ ಇನ್ನೂ ಆಮೇಲಿನದು. ಇನ್ನು ಪ್ಲಗ್ಗನ್ನು ಬಿಚ್ಚಿ ನೋಡುವುದು ಹಳಬರ ವಿದ್ಯೆ. ಅದರ ತುದಿ ತಿಳಿಗಂದು ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿದೆ. ಎಣ್ಣೆಯ ಜಿಡ್ಡಿದ್ದರೆ ರಿಂಗುಗಳು ಸವೆದಿವೆ.

ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಗೂ ಸೀಸಕ್ಕೂ ಬದ್ಧದ್ವೇಷ. ಒಳಗಿನ ಪ್ಲಾಟಿನಂ ಲೇಪದ ಮೇಲೆ ಸೀಸ ಕುಳಿತರೆ ಪೆಟ್ಟಿಗೆ ಸತ್ತಂತೆ. ಅದಕ್ಕಾಗಿ ೧೯೯೫ರ ಏಪ್ರಿಲಿನಲ್ಲಿ ಮುಂಬಯಿ ಸೇರಿದಂತೆ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲು ಬಂದಿತು. ೨೦೦೦ದ ಫೆಬ್ರವರಿ ೧ರಿಂದ ದೇಶಕ್ಕೆಲ್ಲ. ಸೀಸ ಹೋದಾಗ ಗ್ಯಾರೇಜಿನವರಿಗೆ ಹೊಸ ತಲೆನೋವಾಯಿತು, ಏಕೆಂದರೆ ಹಳೆಯ ಎಂಜಿನ್ನುಗಳ ವಾಲ್ವು ಕೂರುವ ಜಾಗಕ್ಕೆ ಸೀಸವು ಮೆತ್ತೆಯಂತಿತ್ತು. ಗಟ್ಟಿ ಲೋಹದ ಉಂಗುರ ಕೂರಿಸಬೇಕಾಯಿತು. ಜಗತ್ತಿನಲ್ಲಿ ಕಟ್ಟಕಡೆಯದಾಗಿ ಅಲ್ಜೀರಿಯ ದೇಶವು ೨೦೨೧ರ ಜುಲೈಯಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲು ಮಾರುವುದನ್ನು ನಿಲ್ಲಿಸಿತು. ಡೇಟನ್ನಿನ ಮೊದಲ ಮಾರಾಟದಿಂದ ಅಲ್ಲಿಯ ವರೆಗೆ ೯೮ ವರ್ಷ. ಕೆಟರಿಂಗನ ಕಾಲದವರು ಬದಿಗಿಟ್ಟ ಮದ್ಯಸಾರವನ್ನಾದರೋ ಇಂದ��� ನಮ್ಮ ಪೆಟ್ರೋಲ್ ಪಂಪುಗಳಲ್ಲಿ ನೂರಕ್ಕೆ ೨೦ರಷ್ಟು ಬೆರೆಸಿ ಕೊಡುತ್ತಿದ್ದಾರೆ.

ಹೊಸ ಶತಮಾನದ ಆರಂಭದಲ್ಲಿ ಉಚ್ಚ ನ್ಯಾಯಾಲಯದ ಆದೇಶಗಳ ಫಲವಾಗಿ ಮುಂಬಯಿಯ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿ ಗ್ಯಾಸಿಗೆ ತಿರುಗಿದವು. ಡಿಕ್ಕಿಯಲ್ಲಿ ಸಿಲಿಂಡರ್ ಮಲಗಿತು, ಕಾರ್ಬುರೇಟರಿಗೆ ಕೆಲಸ ಕಡಿಮೆಯಾಯಿತು. ಕಿಡಿ ಮಾತ್ರ ಮೊದಲಿಗಿಂತ ಬಲವಾಗಿ ಬೇಕಾಯಿತು, ಏಕೆಂದರೆ ಆ ಗ್ಯಾಸು ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಮೆಕ್ಯಾನಿಕರು ಪ್ಲಗ್ಗು ಬದಲಿಸಿದರು, ಪಾಯಿಂಟು ಉಜ್ಜಿದರು, ಡೆಲ್ಕೊವನ್ನು ಕೂದಲೆಳೆಯಷ್ಟು ತಿರುಗಿಸಿ ಸಮಯ ಹೊಂದಿಸಿದರು. ಪದ್ಮಿನಿಗಳಲ್ಲಿ ಕೊನೆಯದು ಟ್ಯಾಕ್ಸಿಯಾಗಿ ನೋಂದಣಿಯಾದದ್ದು ೨೦೦೩ನೆಯ ಅಕ್ಟೋಬರ್ ೨೯ರಂದು, ತಾಡದೇವದ ಕಚೇರಿಯಲ್ಲಿ. ಟ್ಯಾಕ್ಸಿಗೆ ೨೦ ವರ್ಷದ ಆಯುಸ್ಸೆಂದು ನಿಯಮವಿದ್ದುದರಿಂದ, ೨೦೨೩ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಅದೂ ರಸ್ತೆಯಿಂದ ಇಳಿಯಿತು.